ದೇವರ ಮಗುವೂ ಬೇಡ, ಗಾಳಿ ಕೂಸೂ ಬೇಡ. ಮನುಷ್ಯರ ಲೆಕ್ಕದಾಗ ಹಿಡೀರಿ!

ಏಪ್ರಿಲ್ 2 ಬಂತು ಅಂದ್ರೆ ಫೇಸ್‌ಬುಕ್, ವಾಟ್ಸಾಪ್ ತುಂಬ ನೀಲಿ ಬಣ್ಣ. ವಿಶ್ವ ಆಟಿಸಂ ಜಾಗೃತಿ ದಿನ. ರೆಕ್ಕೆ ಹಚ್ಚಿದ ಮಕ್ಕಳ ಚಿತ್ರ ಹಾಕಿ ಕೆಳಗೆ ಬರೀತಾರೆ: ಇವರು ದೇವರ ಮಕ್ಕಳು, ಬೇರೆ ಲೋಕದಿಂದ ಇಳಿದು ಬಂದ ಕಿನ್ನರಿಗಳು. ಹನ್ನೆರಡು ದಿನ ಕಳೆದರೆ ಏಪ್ರಿಲ್ 14. ಅದೇ ಜನ ಬಾಬಾಸಾಹೇಬರ ಫೋಟೋ ಹಾಕ್ತಾರೆ. ಎರಡೂ ಪೋಸ್ಟ್ ಹಾಕುವ ಗೆಳೆಯರ ಮೇಲೆ ನನ್ನದೊಂದು ತಕರಾರಿದೆ. ಎರಡನೇದನ್ನು ನಿಜವಾಗಿ ಅರ್ಥ ಮಾಡಿಕೊಂಡವರಿಗೆ ಮೊದಲನೇದನ್ನು ಹಾಕೋಕೆ ಮನಸ್ಸು ಬರಬಾರದು.

ಯಾಕಂದ್ರೆ ನಮ್ಮನ್ನೂ ಒಂದು ಕಾಲಕ್ಕೆ ಹಿಂಗೇ ದೇವರ ಜನ ಅಂತ ಕರೆದಿದ್ದರು.

ಇದು ಸ್ವಲ್ಪ ಉದ್ದದ ಬರಹ. ಪುರಸೊತ್ತು ಮಾಡಿಕೊಂಡು ಓದ್ರಿ.

ಮೊದಲು ಈ ಕಿನ್ನರಿ ಕಥೆ ಎಲ್ಲಿಂದ ಬಂತು ನೋಡೋಣ. ಇಂಗ್ಲಿಷಿನ ಫೇರಿ ಅಂದ್ರೆ ನಮ್ಮ ಮಕ್ಕಳ ಪುಸ್ತಕದಲ್ಲಿ ಕೋಲು ಹಿಡಿದ, ಬಿಳಿ ಗೌನಿನ ಚೆಂದದ ಹುಡುಗಿ. ಐರ್ಲೆಂಡಿನ ಹಳ್ಳಿಗರಿಗೆ ಫೇರಿ ಅಂದ್ರೆ ಅದಲ್ಲ. ನಮ್ಮ ಕಡೆ ಗಾಳಿ ಅಂತೀವಲ್ಲ, ಹೊತ್ತು ಮುಳುಗಿದ ಮೇಲೆ ಹೆಸರು ಹೇಳಬಾರದು ಅಂತೀವಲ್ಲ, ಅಂಥದ್ದು. ಅವು ತೊಟ್ಟಿಲಿನಿಂದ ಚೆನ್ನಾಗಿದ್ದ ಕೂಸನ್ನು ಕದ್ದೊಯ್ದು ಅದರ ಜಾಗದಲ್ಲಿ ತಮ್ಮ ಕೂಸನ್ನು ಮಲಗಿಸಿ ಹೋಗ್ತಾವೆ ಅಂತ ಅಲ್ಲಿ ನಂಬಿಕೆ. ಅದೇ ಬದಲಿ ಕೂಸು. ನೋಡೋಕೆ ನಮ್ಮ ಮಗುವಿನ ಹಂಗೇ ಇರುತ್ತೆ. ಆದರೆ ಕರೆದರೆ ತಿರುಗಲ್ಲ, ಮಾತು ಬರಲ್ಲ, ಬಂದ ಮಾತೂ ನಿಲ್ಲುತ್ತೆ, ಎತ್ತಿಕೊಂಡರೆ ಸೆಟೆದು ಅಳುತ್ತೆ, ಕಾರಣವಿಲ್ಲದೆ ನಗುತ್ತೆ.

ಆಟಿಸಂ ಇರುವ ಮಗುವನ್ನು ಹತ್ತಿರದಿಂದ ಕಂಡವರಿಗೆ ಈ ಪಟ್ಟಿ ಗುರುತು ಸಿಗುತ್ತೆ. ಕೆಲವು ಮಕ್ಕಳು ಒಂದು ವರ್ಷದ ತನಕ ಎಲ್ಲರ ಹಂಗೇ ಬೆಳೆದು, ಒಂದೂವರೆ ಎರಡು ವರ್ಷದ ಹೊತ್ತಿಗೆ ಕಲಿತ ನಾಲ್ಕು ಮಾತನ್ನೂ ಬಿಡ್ತಾವೆ. ತಾಯಿಗೆ ಅನಿಸುತ್ತೆ, ನಿನ್ನೆ ಇದ್ದ ಮಗು ಇವತ್ತು ಇಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಜೂಲಿ ಲೀಸ್ಕ್ ಮತ್ತು ಜೊತೆಗಾರರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೇ ಎತ್ತಿದರು. ಈ ಬದಲಿ ಕೂಸಿನ ಕಥೆಗಳಲ್ಲಿ ಆಟಿಸಂನ ಕುರುಹು ಇರಬಹುದಾ ಅನ್ನೋದು ಅವರ ಪ್ರಶ್ನೆ. ಇವತ್ತಿನ ಹೆಸರನ್ನು ಇನ್ನೂರು ವರ್ಷ ಹಿಂದಿನ ಮಗುವಿನ ಕೊರಳಿಗೆ ಖಡಾಖಂಡಿತವಾಗಿ ಕಟ್ಟೋಕೆ ಬರಲ್ಲ, ನಿಜ. ಆದರೆ ಅಂಥ ಮಕ್ಕಳು ಆಗಲೂ ಇದ್ದರು. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂಗೆ ವೈದ್ಯಕೀಯ ಹೆಸರು ಕೊಡುವ ಮೊದಲು ಊರು ತನ್ನದೇ ಹೆಸರು ಕೊಟ್ಟಿತ್ತು, ಅಷ್ಟೇ.

ಹೆಸರು ಕೊಟ್ಟ ಮೇಲೆ ಊರು ಏನು ಮಾಡಿತು?

1826, ಐರ್ಲೆಂಡಿನ ಕೆರಿ ಜಿಲ್ಲೆ. ಮೈಕೆಲ್ ಲೀಹಿ ಅನ್ನುವ ನಾಲ್ಕು ವರ್ಷದ ಆಸುಪಾಸಿನ ಹುಡುಗ. ನಿಲ್ಲೋಕೆ ಬರಲ್ಲ, ಮಾತು ಬರಲ್ಲ. ಆನ್ ರೋಚ್ ಅನ್ನುವ ಮುದುಕಿ ಅವನನ್ನು ಫ್ಲೆಸ್ಕ್ ನದಿಯಲ್ಲಿ ಮುಳುಗಿಸಿದಳು. ಹುಡುಗ ಸತ್ತ. ಮಗುವನ್ನು ಕೊಲ್ಲೋಕಲ್ಲ, ಒಳಗಿರುವ ಫೇರಿಯನ್ನು ಓಡಿಸೋಕೆ ಹಂಗೆ ಮಾಡಿದ್ದು ಅನ್ನೋದು ಅವಳ ಕಡೆಯ ವಾದ. ಜ್ಯೂರಿ ಬಿಟ್ಟು ಕಳಿಸಿತು. ಇನ್ನೂ ಹಿಂದೆ, ಜರ್ಮನಿಯಲ್ಲಿ, ಕ್ರೈಸ್ತ ಧರ್ಮವನ್ನು ಸುಧಾರಿಸಿದ ಮಾರ್ಟಿನ್ ಲೂಥರ್ ಕೂಡ ಅಂಥದೇ ಒಂದು ಮಗುವಿನ ವಿಷಯಕ್ಕೆ, ಇದಕ್ಕೆ ಆತ್ಮವೇ ಇಲ್ಲ, ನೀರಿಗೆ ಹಾಕಿ ಅನ್ನುವ ಸಲಹೆ ಕೊಟ್ಟಿದ್ದ ಅಂತ ಅವನ ಮಾತುಗಳ ಸಂಗ್ರಹದಲ್ಲೇ ಇದೆ. ಬೆಂಕಿಗೆ ಹಿಡಿಯೋದು, ಕಾದ ಇಕ್ಕಳ ತೋರಿಸೋದು, ರಾತ್ರಿಯಿಡೀ ತಿಪ್ಪೆ ಮೇಲೆ ಮಲಗಿಸೋದು, ಇವೆಲ್ಲ ಆ ಕಥೆಗಳು ಹೇಳುವ ಮದ್ದು.

ಬದಲಿ ಕೂಸಿನ ಕಥೆಯ ನಿಜವಾದ ಕೆಲಸ ಇದು. ಮಗುವನ್ನು ಮೊದಲು ಮನುಷ್ಯರ ಲೆಕ್ಕದಿಂದ ತೆಗೆಯೋದು. ಆಮೇಲೆ ಅದಕ್ಕೆ ಏನು ಮಾಡಿದರೂ ಪಾಪ ಇಲ್ಲ.

"ಅದು ಯುರೋಪಿನ ಕಥೆ, ನಮಗ್ಯಾಕ?" ಅಂತ ಕೇಳ್ಬಹುದು. ಹಂಗಾದ್ರೆ ನಮ್ಮ ಕಡೆಗೇ ಬರೋಣ.

ಹಡೆದ ಐದನೇ ರಾತ್ರಿ ಸೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆದು ಹೋಗ್ತಾಳೆ ಅಂತ ನಮ್ಮ ಅವ್ವಂದಿರು ಹೇಳ್ತಾರೆ. ಬಾಣಂತಿ ಹಾಸಿಗೆ ಕೆಳಗೆ ಕುಡಗೋಲು ಇಡ್ತಾರೆ. ಐರ್ಲೆಂಡಿನ ತಾಯಿ ತೊಟ್ಟಿಲ ಮೇಲೆ ಕಬ್ಬಿಣದ ಇಕ್ಕಳ ಇಟ್ಟಂಗೆ. ನಮ್ಮ ಗುಂಜಹಳ್ಳಿಯಿಂದ ಹಿಡಿದು ಮಾನ್ವಿ, ದೇವದುರ್ಗದ ಕೇರಿಗಳ ತನಕ ನಾನು ಕೇಳುವ ಮಾತು ಇವೇ: "ಕೂಸಿಗೆ ಗಾಳಿ ಬಡದೈತಿ." "ಗ್ರಹಣ ಹಿಡಿದ ಕೂಸದು." "ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಲು ಅವರವ್ವ." ಆಮೇಲೆ ಅಂತ್ರ ಕಟ್ಟಿಸೋದು, ನಿಂಬೆಹಣ್ಣು ಇಳಿಸೋದು, ಹೊಟ್ಟೆ ಮೇಲೆ ಬರೆ ಎಳೆಯೋದು, ಹೇಳಿಕೆ ಕೇಳೋಕೆ ಗುಡಿಯಿಂದ ಗುಡಿಗೆ, ದರ್ಗಾದಿಂದ ದರ್ಗಾಕ್ಕೆ ಅಲೆಯೋದು.

2019ರ ಡಿಸೆಂಬರ್ 26 ನೆನಪಿದೆಯಲ್ಲ? ಸೂರ್ಯಗ್ರಹಣ. ನಮ್ಮ ಪಕ್ಕದ ಕಲಬುರಗಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆ ತನಕ ಮಣ್ಣಲ್ಲಿ ಹೂತರು. ಗ್ರಹಣ ಬಿಡುವ ತನಕ ಹಂಗೇ ಇಟ್ಟರೆ ವಾಸಿ ಆಗುತ್ತೆ ಅಂತ. ಅಳುವ ಮಕ್ಕಳ ತಲೆ ಮಾತ್ರ ಮಣ್ಣಿನ ಮೇಲೆ ಕಾಣುವ ಆ ಫೋಟೋಗಳು ದೇಶವೆಲ್ಲ ಓಡಾಡಿದವು. ಬೆಂಗಳೂರಿನ ಟಿವಿಗಳಿಗೆ ಒಂದು ದಿನದ ಊಟ ಆಯ್ತು. "ಇಪ್ಪತ್ತೊಂದನೇ ಶತಮಾನದಲ್ಲೂ ಹಿಂಗಾ?" ಅಂತ ಲಿಪ್‌ಸ್ಟಿಕ್ ಹಚ್ಚಿದ ಸಿಟ್ಟು. ಮರುದಿನ ಮರೆತರು.

ಇನ್ನು ಇದೆಲ್ಲ ಅನಕ್ಷರಸ್ಥರ ಮೂಢನಂಬಿಕೆ, ಕೇರಿಯವರ ಅಜ್ಞಾನ ಅನ್ನುವವರಿಗೆ ಒಂದು ಮಾತು. ನಿಮ್ಮ ಶಾಸ್ತ್ರ ತೆಗೆದು ನೋಡ್ರಿ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳ ಪಟ್ಟಿ ಇದೆ. ಸ್ಕಂದ, ಶಕುನಿ, ರೇವತಿ, ಪೂತನಾ, ನೈಗಮೇಷ, ಹಿಂಗೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ರೇವತೀಕಲ್ಪ ಅಂತ ಒಂದು ಅಧ್ಯಾಯವಿದೆ. ಅದರಲ್ಲಿ ಬರುವವಳು ಜಾತಹಾರಿಣಿ, ಅಂದ್ರೆ ಹುಟ್ಟಿದ್ದನ್ನು ಕದಿಯುವವಳು. ನಮ್ಮ ಸಂಸ್ಕೃತದ ಫೇರಿ. ಅವಳು ಯಾರನ್ನು ಹಿಡೀತಾಳೆ? ಧರ್ಮ ತಪ್ಪಿ ನಡೆದ ಹೆಂಗಸನ್ನು. ಯಾರ ಮೂಲಕ ಬರ್ತಾಳೆ? ಇಂಥಿಂಥ ಜಾತಿಯ, ಇಂಥಿಂಥ ಕಸುಬಿನ ಹೆಂಗಸರ ಸಂಪರ್ಕದಿಂದ ಅಂತ ಪಟ್ಟಿಯೇ ಇದೆ. ಮಗು ಸತ್ತರೆ, ಮಗು ಬೇರೆ ಥರ ಆದರೆ, ತಪ್ಪು ತಾಯಿಯದ್ದು. ಅವಳದ್ದೂ ಅಲ್ಲದಿದ್ದರೆ ಅವಳ ಮನೆಗೆ ಬಂದುಹೋದ ಕೀಳುಜಾತಿಯವಳ ಮುಟ್ಟಿನದ್ದು. ಓದು ಬರಹ ಬಲ್ಲವರು ಸಂಸ್ಕೃತದಲ್ಲಿ ಬರೆದಿಟ್ಟಿದ್ದು ಇದು. ಆ ಕಾಲಕ್ಕೆ ನಮ್ಮವರ ಕೈಗೆ ಅಕ್ಷರವೇ ಸಿಕ್ಕಿರಲಿಲ್ಲ. ಇನ್ನೊಬ್ಬರ ಅಜ್ಞಾನಕ್ಕೆ ನಮ್ಮ ಹೆಸರು ಬರೀಬೇಡ್ರಿ.

ತಾಯಿ ಮೇಲೆ ತಪ್ಪು ಹೊರಿಸುವ ಚಟ ಶಾಸ್ತ್ರಕ್ಕೆ ಮಾತ್ರ ಅಂಟಿದ್ದಲ್ಲ. ಅಮೆರಿಕಾದಲ್ಲಿ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ದಪ್ಪ ಪುಸ್ತಕ ಬರೆದು, ತಾಯಿಯ ಪ್ರೀತಿ ಸಿಗದಿದ್ದಕ್ಕೆ ಮಕ್ಕಳು ಹಿಂಗಾಗ್ತಾರೆ ಅಂದ. ಫ್ರಿಜ್ಜಿನಂಥ ತಾಯಂದಿರು ಅನ್ನುವ ಮಾತು ಆಗಲೇ ಚಾಲ್ತಿಯಲ್ಲಿತ್ತು. ಅದಕ್ಕೂ ಮೂರು ವರ್ಷ ಮುಂಚೆಯೇ, 1964ರಲ್ಲಿ, ತಾನೇ ಆಟಿಸಂ ಇರುವ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನುವ ವಿಜ್ಞಾನಿ, ಇದು ಹುಟ್ಟಿನಿಂದ ಬರುವ, ನರಮಂಡಲಕ್ಕೆ ಸೇರಿದ ವಿಷಯ ಅಂತ ವಾದ ಮಂಡಿಸಿದ್ದ. ಆದರೂ ಎಷ್ಟೋ ತಾಯಂದಿರು ಅಪರಾಧಿಗಳಂತೆ ಬದುಕಿದರು. ಗ್ರಹಣದಾಗ ಹೊರಗ ಬಂದಿದ್ದಳು ಅನ್ನೋದಕ್ಕೂ, ಮಗುವನ್ನು ಸರಿಯಾಗಿ ಅಪ್ಪಿಕೊಳ್ಳಲಿಲ್ಲ ಅನ್ನೋದಕ್ಕೂ ಏನು ವ್ಯತ್ಯಾಸ? ಒಂದು ಕನ್ನಡದಾಗ, ಇನ್ನೊಂದು ಇಂಗ್ಲಿಷ್‌ದಾಗ.

ಈಗ ನೀಲಿ ಪೋಸ್ಟಿನ ಗೆಳೆಯರು ಹೇಳ್ತಾರೆ: "ನಾವು ದೆವ್ವ ಅಂದಿಲ್ಲ, ದೇವರು ಅಂದೀವಿ. ಒಳ್ಳೆ ಮಾತೇ ಅಲ್ಲೇನು?"

ಅಲ್ಲ. ನನ್ನ ತಕರಾರು ಇರೋದೇ ಇಲ್ಲಿ.

ದೆವ್ವ ಅಂದ್ರೂ ದೇವರು ಅಂದ್ರೂ ಮಗು ಮನುಷ್ಯರ ಲೆಕ್ಕದಿಂದ ಹೊರಗೇ ಹೋಯ್ತು. ದೆವ್ವದ ಮಗುವನ್ನು ಹೂಳ್ತಾರೆ. ದೇವರ ಮಗುವಿಗೆ ಕೈ ಮುಗಿದು ಮುಂದೆ ಹೋಗ್ತಾರೆ. ಎರಡಕ್ಕೂ ಶಾಲೆ ಬೇಡ, ಥೆರಪಿ ಬೇಡ, ಪಿಂಚಣಿ ಬೇಡ, ಬಸ್ ಪಾಸ್ ಬೇಡ. ದೇವರಿಗೆ ಯಾರಾದರೂ ಬಸ್ ಪಾಸ್ ಮಾಡಿಸಿಕೊಡ್ತಾರಾ?

ನಮಗಿದು ಹೊಸದಲ್ಲ. ಗಾಂಧೀಜಿ ನಮ್ಮನ್ನು ಹರಿಜನ ಅಂದರು. 1933ರಲ್ಲಿ ಅದೇ ಹೆಸರಿನ ಪತ್ರಿಕೆ ಶುರು ಮಾಡಿದರು. ದೇವರ ಜನ. ಎಷ್ಟು ಚೆಂದದ ಹೆಸರು! ಆದರೆ ದೇವರ ಜನಕ್ಕೆ ದೇವರ ಗುಡಿ ಬಾಗಿಲು ತೆಗೀಲಿಲ್ಲ, ಊರ ಬಾವಿ ಸಿಗಲಿಲ್ಲ. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಈ ಪದವನ್ನು ಕಾನೂನಿಗೆ ಸೇರಿಸಲು ಹೊರಟಾಗ ಬಾಬಾಸಾಹೇಬರು ಮತ್ತು ಅವರ ಪಕ್ಷದವರು ವಿರೋಧಿಸಿ ಸಭೆಯಿಂದ ಹೊರಗೆ ನಡೆದರು. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರದಲ್ಲಿ ಈ ಪದ ಬಳಸಬೇಡಿ ಅಂತ ರಾಜ್ಯಗಳಿಗೆ ಬರೆಯಬೇಕಾಯ್ತು. ನಮಗೆ ಬೇಕಿದ್ದದ್ದು ಹಕ್ಕು, ಅವರು ಕೊಟ್ಟದ್ದು ಹೆಸರು.

2015ರ ಡಿಸೆಂಬರಿನಲ್ಲಿ ಪ್ರಧಾನಿಗಳು ಮನ್ ಕಿ ಬಾತ್‌ನಲ್ಲಿ ಇನ್ನೊಂದು ಚೆಂದದ ಹೆಸರು ಕೊಟ್ಟರು. ದಿವ್ಯಾಂಗ. ದೈವೀ ಅಂಗ ಇರುವವರು. ಅಂಗವಿಕಲರ ಸಂಘಟನೆಗಳು ಆಗಲೇ ಬೇಡ ಅಂದವು. ನಮ್ಮ ಅಂಗದಲ್ಲಿ ದಿವ್ಯ ಏನೂ ಇಲ್ಲ, ನಮಗೆ ರ‍್ಯಾಂಪ್ ಕೊಡಿ, ಕೆಲಸ ಕೊಡಿ ಅಂದರು. ಆ ಮಾತು ಓದಿದಾಗ ನನಗೆ 1938ರ ಸಭಾತ್ಯಾಗವೇ ನೆನಪಾಯ್ತು. ಹರಿಜನ ಬೇಡ, ದಲಿತ ಅನ್ನಿ ಅಂದ ನಾವು ದಿವ್ಯಾಂಗ ಪೋಸ್ಟನ್ನು ಹೆಂಗೆ ಶೇರ್ ಮಾಡ್ತೀವಿ ಸಂಗಾತಿಗಳೇ?

ದೇವರ ಮಗು ಅನ್ನುವ ಮಾತಿಗೆ ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಅರ್ಥವೂ ಇದೆ. ಅದನ್ನು ಬೆಂಗಳೂರಿನವರು ಮರೆತಿರಬಹುದು, ನಾವು ಮರೆಯೋಕೆ ಆಗಲ್ಲ. ದೇವರಿಗೆ ಬಿಡೋದು. ತಲೆಯಲ್ಲಿ ಜಡೆ ಬಂದರೆ ದೇವರು ಕರೀತು. ಜಡ್ಡು ವಾಸಿ ಆಗದಿದ್ದರೆ ದೇವರು ಕೇಳ್ತು. ಹೆಣ್ಣು ಮಗು ಬೇರೆ ಥರ ಇದ್ದರೆ ಮದುವೆ ಆಗಲ್ಲ, ದೇವರಿಗೆ ಬಿಡ್ರಿ, ಮುತ್ತು ಕಟ್ರಿ. ದೇವದಾಸಿ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಮೂವತ್ತಾರು ವರ್ಷ ಕಳೆದ ಮೇಲೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ನಡೆಸಿದ ಅಧ್ಯಯನದಲ್ಲಿ, ಅವರು ಮಾತಾಡಿಸಿದ ದೇವದಾಸಿಯರಲ್ಲಿ 19% ಜನರಿಗೆ, ಅಂದ್ರೆ ಹೆಚ್ಚೂಕಡಿಮೆ ಐವರಲ್ಲಿ ಒಬ್ಬರಿಗೆ, ದೈಹಿಕ ಅಥವಾ ಮಾನಸಿಕ ವೈಕಲ್ಯ ಇತ್ತು ಅಂತ 2019ರಲ್ಲಿ ಪತ್ರಿಕೆಗಳಲ್ಲಿ ಬಂತು. ಯಾವ ಕೇರಿಯ ಹೆಣ್ಣುಮಕ್ಕಳು ಅಂತ ಬಿಡಿಸಿ ಹೇಳಬೇಕಾ? ಬೇರೆಯವರ ಮನೆಯಲ್ಲಿ ದೇವರ ಮಗು ಅಂದ್ರೆ ವಾಟ್ಸಾಪ್ ಸ್ಟೇಟಸ್. ಮಾದಿಗರ ಮನೆಯಲ್ಲಿ ದೇವರ ಮಗು ಅಂದ್ರೆ ಊರ ಗೌಡನ ಸೊತ್ತು.

ಹಂಗಂತ ಜಾನಪದವೆಲ್ಲ ಶತ್ರು, ಸುಟ್ಟು ಹಾಕ್ರಿ ಅಂತ ನಾನು ಹೇಳಲ್ಲ. ನಮ್ಮಲ್ಲಿ ತಿಪ್ಪಣ್ಣ, ತಿಪ್ಪವ್ವ ಅನ್ನುವ ಹೆಸರು ಎಷ್ಟು ಮಂದಿಗಿವೆ ನೋಡ್ರಿ. ಹುಟ್ಟಿದ ಕೂಸುಗಳು ಒಂದಾದ ಮೇಲೊಂದು ಸತ್ತರೆ, ಮುಂದಿನ ಕೂಸನ್ನು ತಿಪ್ಪೆ ಮೇಲೆ ಇಟ್ಟು, ಇದು ಯಾರಿಗೂ ಬೇಡಾದ ಕೂಸು ಅಂತ ಸಾವಿಗೆ ಸುಳ್ಳು ಹೇಳಿ, ಮತ್ತೆ ಎತ್ತಿಕೊಂಡು ಬಂದು ತಿಪ್ಪಣ್ಣ ಅಂತ ಹೆಸರಿಟ್ಟರು. ಯುರೋಪಿನ ಕಥೆಯಲ್ಲೂ ತಿಪ್ಪೆ ಇದೆ, ನಮ್ಮ ಪದ್ಧತಿಯಲ್ಲೂ ತಿಪ್ಪೆ ಇದೆ. ಅಲ್ಲಿ ಮಗುವನ್ನು ಬಿಡೋಕೆ, ಇಲ್ಲಿ ಉಳಿಸಿಕೊಳ್ಳೋಕೆ. ನನ್ನ ಅಳತೆಗೋಲು ಇಷ್ಟೇ: ಈ ಕಥೆ ಮಗುವನ್ನು ಎತ್ತಿಕೊಳ್ಳುತ್ತಾ, ಕೆಳಗೆ ಹಾಕುತ್ತಾ? ಎತ್ತಿಕೊಳ್ಳುವ ಕಥೆ ನಮ್ಮದು. ಕೆಳಗೆ ಹಾಕುವ ಕಥೆ ಶಾಸ್ತ್ರದಲ್ಲಿರಲಿ, ಫೇಸ್‌ಬುಕ್ಕಿನಲ್ಲಿರಲಿ, ನಮ್ಮ ಅಜ್ಜಿಯ ಬಾಯಲ್ಲೇ ಇರಲಿ, ಬೇಡ.

ಅದೇ ಗೋಲನ್ನು ವಿಜ್ಞಾನಕ್ಕೂ ಹಿಡೀಬೇಕು. ಹಾನ್ಸ್ ಆಸ್ಪರ್ಗರ್ ಹೆಸರು ಕೇಳಿರ್ತೀರಿ. 1944ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದ ವಿಯೆನ್ನಾದ ವೈದ್ಯ. ಬುದ್ಧಿವಂತ ಮಕ್ಕಳನ್ನು ಪುಟ್ಟ ಪ್ರೊಫೆಸರುಗಳು ಅಂತ ಮೆಚ್ಚಿದವನು. ಅದೇ ವೈದ್ಯ ಕೆಲವು ಮಕ್ಕಳನ್ನು ನಾಜಿಗಳ ಶ್ಪೀಗೆಲ್‌ಗ್ರುಂಡ್ ಕೇಂದ್ರಕ್ಕೆ ಕಳಿಸಿದ್ದ ಅನ್ನೋದನ್ನು ಹೆರ್ವಿಗ್ ಚೆಕ್ ಅನ್ನುವ ಇತಿಹಾಸಕಾರ 2018ರಲ್ಲಿ ದಾಖಲೆ ಸಮೇತ ಬರೆದ. ಅಲ್ಲಿ ಸತ್ತ ಮಕ್ಕಳು 700ಕ್ಕೂ ಹೆಚ್ಚು. ಪ್ರತಿಭೆ ಇದ್ದವನು ಉಳಿಯಲಿ, ಇಲ್ಲದವನು ಹೋಗಲಿ. ಮೆರಿಟ್! ಆ ಪದ ನಮಗೆ ಗೊತ್ತು. ಹಂಗಾಗಿ "ಐನ್‌ಸ್ಟೀನ್‌ಗೂ ಆಟಿಸಂ ಇತ್ತಂತೆ, ಇವರಲ್ಲೂ ಏನೋ ಶಕ್ತಿ ಇರುತ್ತೆ" ಅನ್ನುವ ಸಮಾಧಾನವೂ ನನಗೆ ಬೇಡ. ಯಾವ ಶಕ್ತಿಯೂ ಇಲ್ಲದ, ಒಂದು ಮಾತೂ ಆಡದ, ದಿನವಿಡೀ ಬಂಡಿಯ ಗಾಲಿ ತಿರುಗಿಸುತ್ತಾ ಕೂರುವ ಕೂಲಿಯವಳ ಮಗನಿಗೂ ಪೂರಾ ಹಕ್ಕಿದೆ. ಒಬ್ಬ ಮನುಷ್ಯ, ಒಂದು ಮೌಲ್ಯ ಅಂತ ಬಾಬಾಸಾಹೇಬರು ಕಲಿಸಿದ್ದು ಅದನ್ನೇ. ಅದರಲ್ಲಿ ಪ್ರತಿಭೆ ಇದ್ದರೆ ಮಾತ್ರ ಅನ್ನುವ ಷರತ್ತಿಲ್ಲ.

ಇನ್ನು ನಮ್ಮದೇ ಪ್ರಗತಿಪರ ಗೆಳೆಯರಿಗೆ. ಮಗುವನ್ನು ಹೂತ ತಾಯಿಗೆ ಬೈಯೋದು ಸುಲಭ. ಅವಳು ಯಾಕೆ ಅಲ್ಲಿಗೆ ಬಂದಳು ಕೇಳ್ರಿ. ಮಂತ್ರ ಹಾಕುವವನು ಊರಲ್ಲೇ ಇದ್ದಾನೆ. ಅವನ ಫೀಸು ಒಂದು ಕೋಳಿ. ಅವನು ಅವಳ ಮಾತು ಪೂರ್ತಿ ಕೇಳ್ತಾನೆ. ನಿಮ್ಹಾನ್ಸ್ ಇರೋದು ಬೆಂಗಳೂರಲ್ಲಿ, ರಾಯಚೂರಿಂದ ನಾನೂರು ಕಿಲೋಮೀಟರ್ ದೂರ. ವಾಕ್ ಶ್ರವಣ ಸಂಸ್ಥೆ ಮೈಸೂರಲ್ಲಿ, ಇನ್ನೂ ದೂರ. ಹತ್ತಿ ಬಿಡಿಸುವ ಕೂಲಿ ಬಿಟ್ಟು, ಜೋರು ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಕರೆದುಕೊಂಡು ರಾತ್ರಿ ಬಸ್ಸಲ್ಲಿ ಅಷ್ಟು ದೂರ ಎಷ್ಟು ಸಲ ಹೋಗ್ತಾಳೆ? ಥೆರಪಿ ಅಂದ್ರೆ ಒಂದು ಸಲ ಕೊಡುವ ಇಂಜೆಕ್ಷನ್ ಅಲ್ಲ, ವಾರ ವಾರ, ವರ್ಷಗಟ್ಟಲೆ. ನಾನು ಒಬ್ಬ ತಾಯಿ ಜೊತೆ ಒಂದು ಶಾಲೆಗೆ ಹೋಗಿದ್ದೆ. "ಇದಕ್ಕ ಇಲ್ಲಿ ಜಾಗ ಇಲ್ಲ, ಬೇರೆ ಮಕ್ಕಳಿಗೆ ತೊಂದರಿ ಆಗ್ತದ" ಅಂದರು. ಇದಕ್ಕ ಅಂದರು, ಇವನಿಗೆ ಅನ್ನಲಿಲ್ಲ. ಹಿಂದಿನ ಬೆಂಚು, ಬೇರೆ ಲೋಟ, ಬೇರೆ ಸಾಲು ಕಂಡ ಜಾತಿಯವರು ನಾವು. ಆ ಮಾತಿನ ದನಿ ನಮಗೆ ಹೊಸದಲ್ಲ.

ಸರ್ಕಾರ ಇಲ್ಲದ ಜಾಗದಲ್ಲಿ ಗಾಳಿ ತುಂಬಿಕೊಳ್ಳುತ್ತೆ. ಗಾಳಿ ಬಿಡಿಸೋಕೆ ಭಾಷಣ ಸಾಲದು, ಆ ಜಾಗ ತುಂಬಬೇಕು.

ಕಾನೂನು ಇಲ್ಲ ಅಂತಲ್ಲ. 1995ರ ಕಾಯ್ದೆಯ ಏಳು ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹೆಸರು ಹಿಡಿದು ಕರೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು, 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಮಾಟಮಂತ್ರ, ಅಮಾನವೀಯ ಪದ್ಧತಿಗಳ ವಿರುದ್ಧದ ನಮ್ಮ ರಾಜ್ಯದ 2017ರ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ತಾಜಸುಲ್ತಾನಪುರದ ಗ್ರಹಣ ಕಳೆದ ಕೆಲವೇ ದಿನಕ್ಕೆ. 371(ಜೆ) ಇದೆ. ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆ ಅನ್ನುವ ಪಟ್ಟಿಯಲ್ಲೂ ಇದೆ. ಕಾಗದದ ಮೇಲೆ ನಮ್ಮ ಮಕ್ಕಳು ಮನುಷ್ಯರಾಗಿದ್ದಾರೆ. ನೆಲದ ಮೇಲೆ ಆಗಬೇಕು.

ಹಂಗಾಗಿ ಈ ಏಪ್ರಿಲ್ 14ರ ಮೆರವಣಿಗೆಯಲ್ಲಿ ನಮ್ಮ ಬೇಡಿಕೆ ಪಟ್ಟಿಗೆ ಇವನ್ನೂ ಸೇರಿಸೋಣ:

1. ದೇವದುರ್ಗ, ಮಾನ್ವಿ ಸೇರಿ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಇಷ್ಟು ದಿನ ಅಂತ ಗೊತ್ತು ಮಾಡಿ ವಾಕ್ ಥೆರಪಿ ಮತ್ತು ನಡವಳಿಕೆ ತರಬೇತಿ. ಮಗು ಹೋಗೋದಲ್ಲ, ಥೆರಪಿಸ್ಟ್ ಬರಬೇಕು.

2. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಆಟಿಸಂ ಗುರುತಿಸುವ ತರಬೇತಿ, ಅದಕ್ಕೆ ತಕ್ಕ ಗೌರವಧನ. ಒಂದೂವರೆ ವರ್ಷದ ಕೂಸು ಹೆಸರು ಕರೆದರೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ಬಿಟ್ಟರೆ, ಮೊದಲು ತಿಳಿಯಬೇಕಾದ್ದು ಅವರಿಗೆ, ಮಂತ್ರದವನಿಗಲ್ಲ.

3. ಅಂಗವೈಕಲ್ಯ ಪ್ರಮಾಣಪತ್ರಕ್ಕೆ, ಯುಡಿಐಡಿ ಕಾರ್ಡಿಗೆ ಹೋಬಳಿ ಮಟ್ಟದ ಶಿಬಿರ. ಆ ದಿನದ ಕೂಲಿ ನಷ್ಟ, ಬಸ್ ಖರ್ಚು ಸರ್ಕಾರ ಕೊಡಬೇಕು.

4. ಜಾಗ ಇಲ್ಲ ಅನ್ನುವ ಶಾಲೆಯಿಂದ ಆ ಮಾತನ್ನು ಬರಹದಲ್ಲಿ ಕೇಳೋದು. ಬರೆದು ಕೊಡೋಕೆ ಹೆದರುವ ಮಾತನ್ನು ಬಾಯಲ್ಲಿ ಹೇಳೋಕೂ ಹೆದರಬೇಕು.

5. ಗ್ರಹಣದ ದಿನ ನಮ್ಮ ಸಂಘಟನೆಯವರು ಊರೂರಿಗೆ ಹೋಗಿ ಕೂರೋದು. ಬೈಯೋಕಲ್ಲ. ಬಸುರಿಯರ ಜೊತೆ, ಈ ತಾಯಂದಿರ ಜೊತೆ ಕೂತು ಊಟ ಮಾಡೋಕೆ.

1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯೋಕೆ ಹೋಗಿ ಹೊಡೆತ ತಿಂದವರ ಚಳವಳಿ ನಮ್ಮದು. ಹೆಣ್ಣಿನ ಮೈಯನ್ನು ದೇವರ ಹೆಸರಿಂದ ಬಿಡಿಸಿಕೊಳ್ಳೋಕೆ ಹೊರಟವರು, ಮಾತು ಬಾರದ ಮಗುವಿನ ಮೈಯನ್ನೂ ಬಿಡಿಸಿಕೊಳ್ಳಬೇಕು. ದೆವ್ವದಿಂದಲೂ, ದೇವರಿಂದಲೂ.

ಮುಂದಿನ ಏಪ್ರಿಲ್ 2ಕ್ಕೆ ಸ್ಟೇಟಸ್ ಹಾಕಲೇಬೇಕು ಅನಿಸಿದರೆ ರೆಕ್ಕೆಯ ಚಿತ್ರ ಬಿಟ್ಟು ನಿಮ್ಮ ತಾಲ್ಲೂಕಿನಲ್ಲಿ ಥೆರಪಿಸ್ಟ್ ಎಷ್ಟು ಮಂದಿ ಇದ್ದಾರೆ ಕೇಳಿ, ಅದನ್ನು ಹಾಕ್ರಿ.

ಜೈ ಭೀಮ್.